ಹೆಸರು ಹೇಳದೆ ಹೋದ ಹಿರಿಯರಿಗೆ

ದಾವಣಗೆರೆಯ ಅಕ್ವೇರಿಯಂ ಅಂಗಡಿಯೊಂದರಲ್ಲಿ ನನ್ನ ಉಪ್ಪುನೀರಿನ ತೊಟ್ಟಿಯ ವಿಚಾರ ಕೇಳಿ, ಮನೆಯವರೆಗೂ ಬಂದು ನೀರು ಪರೀಕ್ಷಿಸಿಕೊಟ್ಟು, ಚಹಾವನ್ನೂ ಕುಡಿಯದೆ ಹೊರಟ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ನಮ್ಮೂರಿನ ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಆರ್‌ಒ ಸಿಹಿನೀರಿನಿಂದಲೇ ತುಂಬಿ, ಸಾಪೇಕ್ಷ ಸಾಂದ್ರತೆಯನ್ನು (ಸಿಹಿನೀರಿಗೆ ಹೋಲಿಸಿದರೆ ತೊಟ್ಟಿಯ ನೀರು ಎಷ್ಟು ಸಾಂದ್ರ ಎಂಬ ಅಳತೆ) 1.025ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕೆಂದು ಅವರು ವಿವರಿಸಿದರು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದಿಂದ ಸರಿಹೊಂದಿಸಿಕೊಟ್ಟವರೂ ಅವರೇ. ಮೀನುಗಳಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಿರಬೇಕೆಂಬುದು ಪರೀಕ್ಷಾ ಕಿಟ್ಟಿನ ಚೀಟಿಯಲ್ಲೂ ಇತ್ತು. ಆದರೆ ನೀರಿನ ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ನಸುಕಿನಲ್ಲಿ ಇಳಿದು, ದೀಪದ ಬೆಳಕಿನಲ್ಲಿ ಸಂಜೆಯ ಹೊತ್ತಿಗೆ ಏರುವುದರಿಂದ ಯಾವಾಗಲೂ ಒಂದೇ ಹೊತ್ತಿನಲ್ಲಿ ಅಳೆಯಬೇಕೆಂಬ ಮಾತು (ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ) ಅದರಲ್ಲಿರಲಿಲ್ಲ. ಈಗ ಅಳತೆಗಳನ್ನೆಲ್ಲ ತಾರೀಖಿನೊಂದಿಗೆ ಬರೆದಿಡುತ್ತಿದ್ದೇನೆ. ಬಿಡುವಾದಾಗ ಆ ಪುಸ್ತಕವನ್ನೊಮ್ಮೆ ತಾವು ಬಂದು ನೋಡಬೇಕೆಂದು ವಿನಂತಿ.