ನೋವಿಲ್ಲದ ಗಾಯ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನಗೆ ಶುಗರ್ ಇದೆ ಅಂತ ರಿಪೋರ್ಟ್ ಬಂದ ದಿನ ನೀನು ಫೋನಿನಲ್ಲಿ ಅತ್ತೆ. "ಏನೂ ಆಗಲ್ಲ ಬಿಡಮ್ಮ" ಅಂತ ನಾನು ಅಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಏನೂ ಆಗದ ಹಾಗೆ ನೋಡಿಕೊಳ್ಳಬಹುದು, ನಿಜ. ಆದರೆ ಹೇಗೆ ಅಂತ ನನಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ನಿನಗೆ ಹಾಗಾಗಬಾರದು.

ನನ್ನ ಬಲಗಾಲಿನ ಹೆಬ್ಬೆರಳು ಹೋದದ್ದು ಒಂದು ಅಂಗಿ ಗುಂಡಿಯಿಂದ. ಎಲ್ಲಿಂದಲೋ ಕಿತ್ತು ಶೂ ಒಳಗೆ ಬಿದ್ದಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅದನ್ನು ತುಳಿದುಕೊಂಡೇ ಓಡಾಡಿದೆ. ಮನೆಗೆ ಬಂದು ಶೂ ಬಿಚ್ಚಿದರೆ ಕಾಲುಚೀಲ ಬೆರಳಿನ ಬುಡಕ್ಕೆ ಅಂಟಿಕೊಂಡಿದೆ, ಎಳೆದರೆ ರಕ್ತ. ನೋವು ಮಾತ್ರ ಚೂರೂ ಇಲ್ಲ. ನೋವಿಲ್ಲವಲ್ಲ ಅಂತ ಮುಲಾಮು ಹಚ್ಚಿಕೊಂಡು ಮೂರು ವಾರ ಕಳೆದೆ. ಡಾಕ್ಟರ್ ನೋಡುವ ಹೊತ್ತಿಗೆ ಕೀವು ಮೂಳೆಗೆ ಇಳಿದಿತ್ತು.

ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕಾಲಿನ ನರಗಳು ಸಾಯುತ್ತಾ ಬರುತ್ತವೆ. ನನಗೆ ಮೊದಲು ಜೋಮು, ಉರಿ ಇತ್ತು. ಆಮೇಲೆ ಅದೂ ನಿಂತಿತು. ವಾಸಿಯಾಯಿತು ಅಂತ ಖುಷಿಪಟ್ಟಿದ್ದೆ! ಇದರ ಜೊತೆ ರಕ್ತನಾಳವೂ ಕಿರಿದಾದರೆ ಗಾಯ ಮಾಯುವುದು ಕಷ್ಟ. ಸಿಗರೇಟು ಸೇದುವವರಿಗಂತೂ ನಾಳ ಇನ್ನೂ ಬೇಗ ಕಿರಿದಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕಾಲು ಕತ್ತರಿಸಬೇಕಾಗಿ ಬಂದ 100 ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಮೊದಲು ಆಗಿದ್ದು ಇಂಥದೇ ಒಂದು ಹುಣ್ಣು. ಹುಣ್ಣನ್ನು ತಡೆದರೆ, ಆದದ್ದನ್ನು ಬೇಗ ಹಿಡಿದರೆ, ಬಹಳಷ್ಟು ಕಾಲುಗಳು ಉಳಿಯುತ್ತವೆ.

ಹಾಗಾಗಿ ಮಲಗುವ ಮುಂಚೆ ಒಂದೆರಡು ನಿಮಿಷ ಕಾಲು ನೋಡಿಕೋ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೋ. ಬೆರಳ ಸಂದಿಯನ್ನೂ ಬಿಡಿಸಿ ನೋಡು, ಒದ್ದೆ ಉಳಿಯಲು ಬಿಡಬೇಡ. ಶೂ ಹಾಕುವ ಮುಂಚೆ ಒಳಗೆ ಕೈ ಹಾಕಿ ತಡವು. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡ. ಆಣಿಯಾದರೆ ಬ್ಲೇಡು ಹಿಡಿಯಬೇಡಮ್ಮ, ಡಾಕ್ಟರಿಗೆ ತೋರಿಸು. ಒಂದೇ ಪಾದ ಬಿಸಿಯಾಗಿ, ಕೆಂಪಗೆ ಊದಿಕೊಂಡರೆ ನೋವಿಲ್ಲದಿದ್ದರೂ ಅವತ್ತೇ ಹೋಗು, ಒಳಗೆ ಮೂಳೆ ಮುರಿಯುತ್ತಿರಬಹುದು.

ವರ್ಷಕ್ಕೊಮ್ಮೆಯಾದರೂ ಕಾಲಿನ ಪರೀಕ್ಷೆ ಆಗಲೇಬೇಕು. ಡಾಕ್ಟರ್ ಕೇಳದಿದ್ದರೆ ನೀನೇ ಚಪ್ಪಲಿ ಬಿಚ್ಚಿ ಕಾಲು ಮುಂದಿಡು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಗೊತ್ತಾಯಿತೇ ಅಂತ ಕೇಳುತ್ತಾರೆ. ನನಗೆ ಅದನ್ನು ಮಾಡಿದ ದಿನ ಕಣ್ಣು ಮುಚ್ಚಿಕೊಂಡು ಕಾದೆ, ಕಾದೆ. "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?" ಅಂದೆ. ಅವರು ಆಗಲೇ ಮೂರು ಕಡೆ ಒತ್ತಿ ಆಗಿತ್ತು.

ಮುಂದಿನ ವಾರ ಬಂದಾಗ ಹೊಸ ಶೂ ತರೋಣ. ಸಂಜೆ ಹೋಗೋಣ, ಆ ಹೊತ್ತಿಗೆ ಕಾಲು ತುಸು ಊದಿರುತ್ತದೆ, ಅಳತೆ ಬಿಗಿಯಾಗುವುದಿಲ್ಲ. ಹಳೆಯದನ್ನೂ ತಗೊಂಡು ಬಾ, ಒಳಗೆ ಒಮ್ಮೆ ಕೈ ಹಾಕಿ ನೋಡ್ತೀನಿ.

ನಿನ್ನ
ಅಪ್ಪ