ಭಾನುವಾರ ವಿಮಾನ ತರುವವರಿಗೆ

ಎಲ್ಲರಿಗೂ ನಮಸ್ಕಾರ ರೀ. ಭಾನುವಾರ ವಿಜಯಪುರದಲ್ಲಿ ರಿಮೋಟ್‌ನಿಂದ ಹಾರಿಸುವ ನಮ್ಮ ಎಲೆಕ್ಟ್ರಿಕ್ ಮಾದರಿ ವಿಮಾನಗಳ ಸ್ಪರ್ಧೆ ಇದೆಯಲ್ಲ, ಅದಕ್ಕೇ ಈ ಮೆಸೇಜ್. ಮೊದಲು ರಿಮೋಟ್ ಆನ್ ಮಾಡಿ, ಥ್ರಾಟಲ್ (ಮೋಟಾರ್ ವೇಗದ ಸ್ಟಿಕ್) ಪೂರ್ತಿ ಕೆಳಗಿದೆಯಾ ನೋಡಿ, ಆಮೇಲೆ ಬ್ಯಾಟರಿ ಜೋಡಿಸಿ. ಬಿಚ್ಚುವಾಗ ಬ್ಯಾಟರಿ ಮೊದಲು, ರಿಮೋಟ್ ಕೊನೆಗೆ. ಬ್ಯಾಟರಿ ಜೋಡಿಸಿದ ಮೇಲೆ ಸುಮ್ನೆ ನಿಂತ ಪ್ರೊಪೆಲ್ಲರನ್ನೂ ನಂಬಬೇಡಿ, ಅದರ ಮುಂದೆ ಕೈ ಹಾಕಬೇಡಿ. ಹೋದ ಸಲ ಅಂಗಿ ತೋಳು ಸ್ಟಿಕ್‌ಗೆ ತಾಗಿ ನನ್ನ ಹೆಬ್ಬೆರಳಿಗೆ 3 ಹೊಲಿಗೆ ಬಿತ್ತು, ವಾರಗಟ್ಟಲೆ ರೊಟ್ಟಿ ಮುರಿಯಲೂ ಆಗಲಿಲ್ಲ. ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಇಟ್ಟಿರಬೇಕು, ಪ್ರೊಪೆಲ್ಲರ್ ಬಿಚ್ಚಿ ಮನೆಯಲ್ಲೇ ನೋಡಿಕೊಂಡು ಬನ್ನಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಚಾರ್ಜ್ ಸೆಲ್‌ಗೆ 4.2 ವೋಲ್ಟ್ ದಾಟಬಾರದು. ಉಬ್ಬಿದ ಬ್ಯಾಟರಿ ತರಲೇಬೇಡಿ, ನಮ್ಮ ಬಿಸಿಲಲ್ಲಿ ಕಾರೊಳಗೂ ಬಿಡಬೇಡಿ. ಬ್ಯಾಟರಿಗೆ ಬೆಂಕಿ ಹತ್ತಿದರೆ ಅಂತ ಮರಳಿನ ಬಕೆಟ್ ನಾನು ತರುತ್ತೇನೆ. ಜನರ ತಲೆ ಮೇಲೆ ಹಾರಿಸಿದರೆ ಆ ಸುತ್ತಿನ ಅಂಕ ಸೊನ್ನೆ, ಜಗಳ ಬೇಡ.