ಆರ್ಡರ್ ಚೀಟಿಯಲ್ಲಿ ಕಾರಿನ ಹೆಸರಷ್ಟೇ ಇದ್ದರೆ ಸಾಲದು

ಮಾನ್ಯ ಸಂಪಾದಕರೇ,

ದೀಪಾವಳಿಗೆ ಹೊಸ ಗಾಡಿ ತಂದು ಶರಣಬಸವೇಶ್ವರ ಗುಡಿಯ ಮುಂದೆ ಪೂಜೆ ಮಾಡಿಸಿದವರಲ್ಲಿ ಹಲವರು ಸಂಕ್ರಾಂತಿ ದಾಟಿದರೂ ಸೀಟ್ ಕವರ್ ಮತ್ತು ಮ್ಯಾಟಿಗಾಗಿ ಅಂಗಡಿಗೆ ತಿರುಗುತ್ತಿರುತ್ತಾರೆ. ಕಲಬುರಗಿಯ ಕೌಂಟರುಗಳಲ್ಲಿ ಸಿಗುವ ಉತ್ತರ ಒಂದೇ: ‘ಮಾಲು ಹೈದರಾಬಾದಿನಿಂದ ಬರಬೇಕ್ರಿ.’ ಹೈದರಾಬಾದ್ ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್. ರಾತ್ರಿ ಲಾರಿಗೆ ಹಾಕಿದ ಬಂಡಲ್ ಮರುದಿನ ಇಲ್ಲಿಗೆ ಮುಟ್ಟುತ್ತದೆ. ಹಾಗಿದ್ದರೆ ವಾರಗಟ್ಟಲೆ ತಡ ಎಲ್ಲಿ ಆಗುತ್ತದೆ? ಬಹುತೇಕ ಆರ್ಡರ್ ಬರೆಯುವ ಮೇಜಿನ ಮೇಲೆಯೇ.

ಚೀಟಿಯಲ್ಲಿ ಕಾರಿನ ಹೆಸರು, ಬಣ್ಣ ಮತ್ತು ‘ಫುಲ್ ಸೆಟ್’ ಎಂಬ ಎರಡು ಶಬ್ದ ಇರುತ್ತವೆ. ಸಗಟು ವ್ಯಾಪಾರಿ ಆ ಕಾರಿಗೆ ಹೆಚ್ಚು ಮಾರಾಟವಾಗುವ ಸೆಟ್ ಯಾವುದೋ ಅದನ್ನು ಕಳಿಸುತ್ತಾನೆ. ಇಲ್ಲಿ ಬಿಚ್ಚಿ ನೋಡಿದರೆ ಕೂಡುವುದಿಲ್ಲ. ವಾಪಸ್ ಕಳಿಸಬೇಕು. ಬದಲಿ ಸೆಟ್ ಒಂದನ್ನೇ ತರಿಸಿದರೆ ಸಾಗಣೆ ಖರ್ಚು ಗಿಟ್ಟುವುದಿಲ್ಲ, ಆದ್ದರಿಂದ ಮುಂದಿನ ಲಾಟ್ ಕೂಡುವ ತನಕ ಅದು ಅಲ್ಲೇ ಕಾಯುತ್ತದೆ. ಗ್ರಾಹಕರು ಬೈಯುವ ‘ತಡ’ ಮತ್ತು ‘ತಪ್ಪು ಮಾಲು’ ಎರಡರ ಬೇರೂ ಈ ಅರೆಬರೆ ಚೀಟಿಯೇ.

ಒಂದೇ ಹೆಸರಿನ ಕಾರಿನಲ್ಲಿ ಸೀಟುಗಳು ಒಂದೇ ಇರುವುದಿಲ್ಲ. ಕೆಳಗಿನ (ಕಡಿಮೆ ಬೆಲೆಯ) ವೇರಿಯಂಟಿನಲ್ಲಿ ಹಿಂದಿನ ಸೀಟಿನ ಬೆನ್ನು ಇಡಿಯಾಗಿದ್ದರೆ, ಮೇಲಿನದರಲ್ಲಿ 60:40 ಆಗಿ ಎರಡು ಭಾಗವಾಗಿ ಮಡಚಿಕೊಳ್ಳುತ್ತದೆ. ಇಡೀ ಬೆನ್ನಿನ ಕವರನ್ನು ಇಂಥ ಸೀಟಿಗೆ ಏರಿಸಿದರೆ ಸೀಟು ಮಡಚಲು ಬರುವುದೇ ಇಲ್ಲ. ಹೆಡ್‌ರೆಸ್ಟ್ ಬೆನ್ನಿನ ಜೊತೆಗೇ ಕೂಡಿದೆಯೋ ಕಳಚುತ್ತದೆಯೋ, ಹಿಂದೆ ಎಷ್ಟಿವೆ, ನಡುವೆ ಕೈಯೊರಗು ಇದೆಯೋ, ಎತ್ತರ ಹೊಂದಿಸುವ ಲಿವರ್ ಇದೆಯೋ ಎಂಬುದೆಲ್ಲ ವೇರಿಯಂಟಿಗೊಂದು ತರ. ವರ್ಷದ ನಡುವೆ ಫೇಸ್‌ಲಿಫ್ಟ್ (ಅದೇ ಕಾರಿನ ಬದಲಾದ ರೂಪ) ಬಂದಿದ್ದರೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷವೂ ಬೇಕು. ನೋಂದಣಿಯ ದಿನಾಂಕ ನೋಡಿ ಆರ್ಡರ್ ಹಾಕಿದರೆ ಮೋಸ ಹೋಗಬಹುದು, ಏಕೆಂದರೆ ಗಾಡಿ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರಬಹುದು.

ಇದರಲ್ಲಿ ಹಣಕ್ಕಿಂತ ದೊಡ್ಡ ವಿಷಯ ಏರ್‌ಬ್ಯಾಗಿನದು. ಈಗ ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಬೆನ್ನಿನೊಳಗೆ, ಬಾಗಿಲ ಕಡೆಯ ಅಂಚಿನಲ್ಲಿ ಸೈಡ್ ಏರ್‌ಬ್ಯಾಗ್ ಇರುತ್ತದೆ. ಅಲ್ಲಿ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂಬ ಚಿಕ್ಕ ಪಟ್ಟಿ ಹೊಲಿದಿರುತ್ತಾರೆ. ಅದಕ್ಕೆ ಹೊಂದುವ ಕವರಿನಲ್ಲಿ ಆ ಜಾಗ ಒಂದೋ ತೆರೆದಿರುತ್ತದೆ, ಇಲ್ಲವೇ ಬ್ಯಾಗ್ ಉಬ್ಬಿದಾಗ ಹರಿಯುವಂಥ ಮೆತ್ತಗಿನ ದಾರದ ಹೊಲಿಗೆ ಇರುತ್ತದೆ. ಎಡಗಡೆಯ ಕವರನ್ನು ಬಲಕ್ಕೆ ಹಾಕಿದರೆ ಆ ಹೊಲಿಗೆ ಗೇರ್ ಕಡೆಗೆ ತಿರುಗುತ್ತದೆ, ಬಾಗಿಲ ಕಡೆ ಗಟ್ಟಿ ಹೊಲಿಗೆ ಬಂದು ಕೂರುತ್ತದೆ. ಇನ್ನೂ ಅಪಾಯದ್ದು, ಸಡಿಲಾದ ಕವರನ್ನು ‘ಫಿಟ್ ಮಾಡಿ ಕೊಡ್ತೀವಿ’ ಎಂದು ಅದೇ ಅಂಚನ್ನು ನೈಲಾನ್ ದಾರದಲ್ಲಿ ಮರುಹೊಲಿಯುವುದು. ನೋಡಲು ಚೊಕ್ಕ, ಅಪಘಾತದ ಹೊತ್ತಿಗೆ ಬ್ಯಾಗಿಗೆ ಅಡ್ಡ. ಹಿಂದಿನ ಸೀಟಿನಲ್ಲೂ ಬೆಲ್ಟಿನ ಬಕಲ್ ಮತ್ತು ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಕವರಿನಡಿ ಹೂತು ಹೋಗಬಾರದು. ಗಾಳಿ ಬಿಡುವ ವೆಂಟಿಲೇಟೆಡ್ ಸೀಟಿಗೆ ರಂಧ್ರವಿಲ್ಲದ ಕವರ್ ಹಾಕಿಸಿದರೆ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಆ ಸೌಲಭ್ಯಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಮ್ಯಾಟಿನಲ್ಲೂ ಮ್ಯಾನುಯಲ್ ಗಾಡಿಗೂ ಆಟೊಮ್ಯಾಟಿಕ್ ಗಾಡಿಗೂ ಪೆಡಲಿನ ಹತ್ತಿರದ ಕಟಿಂಗ್ ಬೇರೆ ಇರಬಹುದು. ಸಿಎನ್‌ಜಿ ಗಾಡಿಗೆ ಪೆಟ್ರೋಲ್ ಗಾಡಿಯ ಡಿಕ್ಕಿ ಮ್ಯಾಟ್ ಸಾಮಾನ್ಯವಾಗಿ ಕೂಡುವುದಿಲ್ಲ. ಹಳೆಯ ಮ್ಯಾಟಿನ ಮೇಲೆಯೇ ಹೊಸದನ್ನು ಹಾಸುವ ಅಭ್ಯಾಸವನ್ನಂತೂ ಬಿಡಬೇಕು. ಚಾಲಕನ ಬದಿಯ ಹುಕ್ಕಿಗೆ ಮ್ಯಾಟ್ ಸಿಕ್ಕಿಸಿ, ಎಂಜಿನ್ ಆಫ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು ನೋಡಬೇಕು. ಮ್ಯಾಟಿಗೆ ಪೆಡಲ್ ಸಿಕ್ಕಿಕೊಳ್ಳುವ ಅಪಾಯದ ಕಾರಣಕ್ಕೆ ಟೊಯೊಟಾ 2009ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳಿಗೆ ರೀಕಾಲ್ (ದೋಷ ಸರಿಪಡಿಸಲು ವಾಪಸ್ ಕರೆ) ಘೋಷಿಸಬೇಕಾಯಿತು.

ಬಣ್ಣದ ತಕರಾರು ಬೇರೆ ಬಗೆಯದು. ‘ಟ್ಯಾನ್’, ‘ಬೇಜ್’ ಎಂಬ ಹೆಸರು ಒಂದೇ ಇದ್ದರೂ ಒಂದು ಲಾಟಿನ ರೆಕ್ಸಿನ್ ಇನ್ನೊಂದರಂತೆ ಇರುವುದಿಲ್ಲ. ಒಂದು ತುಂಡು ಕೆಟ್ಟಿದ್ದರೆ ಅದೊಂದನ್ನೇ ಬದಲಿಸಿ ಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ, ಸೆಟ್ಟೇ ಬದಲಾಗಲಿ. ಆರ್ಡರ್ ಕೊಡುವಾಗ ಸ್ಯಾಂಪಲ್ಲಿನ ಬೆರಳಗಲ ತುಂಡನ್ನು ಚೀಟಿಗೆ ಪಿನ್ ಹೊಡೆಸಿಕೊಂಡರೆ ಮುಂದೆ ವಾದವೇ ಇರುವುದಿಲ್ಲ. (ಎರೆಮಣ್ಣಿನ ಸೀಮೆಯಲ್ಲಿ ಬೇಜ್ ಮ್ಯಾಟ್ ಕೇಳುವವರ ಧೈರ್ಯಕ್ಕೆ ಮೆಚ್ಚಬೇಕು.)

ಇನ್ನು ‘ಫ್ರೀ ಆಕ್ಸೆಸರೀಸ್’. ಕಾರಿನ ವ್ಯವಹಾರ ಕುದುರಿಸುವಾಗ ವಿಸಿಟಿಂಗ್ ಕಾರ್ಡಿನ ಹಿಂಬದಿ ‘ಕವರ್, ಮ್ಯಾಟ್, ಸ್ಟೀರಿಂಗ್ ಕವರ್’ ಎಂದು ಗೀಚಿ ಕೊಡುತ್ತಾರೆ. ಕಂಪನಿಯದೋ ಲೋಕಲ್ಲೋ, ಯಾವ ಪಾರ್ಟ್ ನಂಬರ್, ಎಂದು ಕೊಡುತ್ತಾರೆ, ಯಾವುದೂ ಅದರಲ್ಲಿ ಇಲ್ಲ. ಬಿಲ್ ಇಲ್ಲದ್ದರಿಂದ ವಾರಂಟಿಯೂ ಇಲ್ಲ. ಈ ‘ಫ್ರೀ’ ಕಾರಿನ ವ್ಯವಹಾರದ ಭಾಗ, ಗ್ರಾಹಕ ಕೊಟ್ಟ ಹಣದಲ್ಲೇ ಬಂದದ್ದು. ಬುಕಿಂಗ್ ಫಾರಂನಲ್ಲೇ ಪಾರ್ಟ್ ನಂಬರ್ ಮತ್ತು ದಿನಾಂಕದ ಸಮೇತ ಬರೆಸಿ, ಸೀಲು ಹಾಕಿಸಿಕೊಳ್ಳಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದ ಮಾಲಿಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದೂ ಹಾಗೆಯೇ. ‘ಮಾರಿದ ಮಾಲು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಬೋರ್ಡು ಈ ಹಕ್ಕನ್ನು ಅಳಿಸುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಜಾಹೀರಾತಿನಂತೆ ಇಲ್ಲದ ಮಾಲನ್ನು ವಾಪಸ್ ಪಡೆಯಲು ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ. ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಶೋರೂಮ್ ಮತ್ತು ಅಂಗಡಿಯವರಲ್ಲಿ ಒಂದು ಕೋರಿಕೆ. ಶಹಾಪುರ, ಚಿತ್ತಾಪುರ, ಯಾದಗಿರಿಯ ಗ್ರಾಹಕರಿಗೆ ‘ಮಾಲು ಬಂದಿದೆ, ಬರ್ರಿ’ ಎಂದು ಫೋನ್ ಮಾಡುವ ಮೊದಲು ಬಂಡಲ್ ಬಿಚ್ಚಿ ಎಣಿಸಿ. ಐದು ಸೀಟಿನ ಗಾಡಿಗೆ ಮುಂದಿನ ಬೆನ್ನು ಎರಡು, ಕೂರುವ ಭಾಗ ಎರಡು, ಹಿಂದಿನ ಬೆನ್ನು ಒಂದೋ ಎರಡೋ, ಕೂರುವ ಭಾಗ, ಗಾಡಿಯಲ್ಲಿರುವಷ್ಟೇ ಹೆಡ್‌ರೆಸ್ಟ್ ಕವರ್, ಇದ್ದರೆ ಕೈಯೊರಗಿನದು. ಚೀಟಿಯ ವಿವರಕ್ಕೆ ತಾಳೆಯಾದ ಮೇಲೆಯೇ ಅವರನ್ನು ಕರೆಯಿರಿ. ಗ್ರಾಹಕರೂ ಮುಂದಿನ ಒಂದು ಸೀಟಿಗೆ ಕವರ್ ಏರಿಸಿ ನೋಡಿದ ನಂತರವೇ ಬಾಕಿ ಹಣ ಕೊಡಲಿ.

— ಕಾರು ಸೀಟ್ ಕವರ್ ಕೆಲಸದವರು, ಕಲಬುರಗಿ